ಕತ್ತರಿಸಿದ ಕೊನೆಯ ಸಾಲು

ಡಿಸೆಂಬರ್ ಬಂತೆಂದರೆ ತೆರಿಗೆ ಲೆಕ್ಕದವಳ ಆಫೀಸಿನ ಮೆಟ್ಟಿಲುಗಳಿಗೆ ಬಿಡುವಿಲ್ಲ. ಅವಳಿರುವ ದೇಶದಲ್ಲಿ ತೆರಿಗೆಯ ವರ್ಷ ಮುಗಿಯುವುದು ಡಿಸೆಂಬರಿಗೆ. ವರ್ಷವಿಡೀ ಕಾಗದಪತ್ರಗಳನ್ನು ಡ್ರಾಯರಿನಲ್ಲಿ ಮಲಗಿಸಿಟ್ಟವರಿಗೆಲ್ಲ ವರ್ಷ ಮುಗಿಯುವ ಹೊತ್ತಿಗೆ ಸರಿಯಾಗಿ ಜ್ಞಾನೋದಯವಾಗುತ್ತದೆ. ಕೆಳಗೆ ಬೂಟಿನಂಗಡಿ, ಅದರ ಪಕ್ಕದಲ್ಲಿ ಕಿರಿದಾದ ಮೆಟ್ಟಿಲು, ಮೇಲೆ ಇವಳ ಒಂದು ಕೋಣೆ. ಹತ್ತಿ ಬರುತ್ತಿರುವವರು ಯಾರು, ಅವರ ಚೀಲ ಎಷ್ಟು ಭಾರ, ಮುಖ ಎಷ್ಟು ಉದ್ದವಾಗಿದೆ ಎನ್ನುವುದನ್ನು ಅವಳು ತಲೆ ಎತ್ತದೆಯೇ ಹೇಳಬಲ್ಲಳು. ಹದಿನೆಂಟು ವರ್ಷದಿಂದ ಕೇಳಿ ಕೇಳಿ ಕಿವಿ ಪಳಗಿದೆ.

ಅವಳು ಲೆಕ್ಕಕ್ಕೆ ತೆಗೆದುಕೊಳ್ಳದ ಸದ್ದು ಒಂದೇ ಒಂದು. ಹನ್ನೊಂದು ಮೆಟ್ಟಿಲು ನಿಧಾನವಾಗಿ ಹತ್ತಿ, ನಿಂತು, ಉಸಿರೆಳೆದುಕೊಂಡು, ಆಮೇಲೆ ಮುಂದಕ್ಕೆ ಬಾರದ ಸದ್ದು. ಬರುವುದು ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಜನ ತುಂಬಿರುವಾಗ. ಮೊದಮೊದಲು ಅವಳು ಎದ್ದು ಹೋಗಿ ಬಗ್ಗಿ ನೋಡುತ್ತಿದ್ದಳು. ಮೆಟ್ಟಿಲು ಖಾಲಿ ಇರುತ್ತಿತ್ತು. ಈಗ ಏಳುವುದಿಲ್ಲ. ಪೆನ್ನು ನಿಲ್ಲುತ್ತದೆ, ಸದ್ದು ನಿಲ್ಲುತ್ತದೆ, ಆಮೇಲೆ ಪೆನ್ನು ಮತ್ತೆ ಓಡುತ್ತದೆ.

ಅದು ಅಮ್ಮನ ಹೆಜ್ಜೆ. ಅಮ್ಮ ತೀರಿಕೊಂಡು ಈ ಡಿಸೆಂಬರ್ ಹತ್ತೊಂಬತ್ತನೇ ತಾರೀಕಿಗೆ ಒಂದು ವರ್ಷ ತುಂಬುತ್ತಿತ್ತು.

ಅಮ್ಮ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಕೆಂಪು ಪೆನ್ಸಿಲ್ ಅವಳ ಆರನೇ ಬೆರಳು. ಸಂಬಳದಲ್ಲಿ ಪ್ರತಿ ತಿಂಗಳು ಒಂದಿಷ್ಟನ್ನು ಒಂದೇ ಕಡೆ ಹಾಕುತ್ತ ಬಂದಿದ್ದಳು, ಅಂತರರಾಷ್ಟ್ರೀಯ ಇಂಡೆಕ್ಸ್ ಫಂಡಿಗೆ. ಪರದೇಶದ ಸಾವಿರಾರು ಕಂಪನಿಗಳಲ್ಲಿ, ಇದು ಒಳ್ಳೆಯದು ಅದು ಕೆಟ್ಟದ್ದು ಎಂದು ಆರಿಸಲು ಹೋಗದೆ, ಎಲ್ಲದರಲ್ಲೂ ಚೂರು ಚೂರು ಕೊಂಡು ಸುಮ್ಮನೆ ಕೂರುವ ಫಂಡು ಅದು. ತೆರಿಗೆಯ ಲೆಕ್ಕ ಬರೆಯುವವರಿಗೆ ಇದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಕೊಂಡದ್ದನ್ನು ಪದೇಪದೇ ಮಾರುವುದಿಲ್ಲವಾದ್ದರಿಂದ ಲಾಭ ಒಳಗೊಳಗೇ ಬೆಳೆಯುತ್ತದೆ. ನೀವಾಗಿ ಮಾರುವ ತನಕ ಆ ಲಾಭಕ್ಕೆ ತೆರಿಗೆ ಕಟ್ಟಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಡಿವಿಡೆಂಡಿನಲ್ಲಿ ಮಾತ್ರ ಪರದೇಶದ ಸರ್ಕಾರಗಳು ತಮ್ಮ ಪಾಲನ್ನು ಮೊದಲೇ ಮುರಿದುಕೊಂಡು ಮಿಕ್ಕದ್ದು ಕಳಿಸುತ್ತವೆ. ಹಾಗೆ ಮುರಿದುಕೊಂಡದ್ದನ್ನು ಇಲ್ಲಿ ಕಟ್ಟುವ ತೆರಿಗೆಯಲ್ಲಿ ಕಳೆಯಬಹುದು, ಅದಕ್ಕೊಂದು ಫಾರ್ಮು ತುಂಬಬೇಕು. ಬಹಳ ಜನ ಅದರ ಗೋಜಿಗೇ ಹೋಗುವುದಿಲ್ಲ.

ಅಮ್ಮ ಬಿಡುವವಳಲ್ಲ. ಪ್ರತಿ ವರ್ಷ ತಾಯಿ ಮಗಳು ಊಟದ ಮೇಜಿನ ಮೇಲೆ ಆ ಫಾರ್ಮು ಹರಡಿಕೊಂಡು ಕೂರುತ್ತಿದ್ದರು.

"ಈ ಸಲ ನನ್ನ ಜೇಬಿಗೆ ಕೈ ಹಾಕಿದೋರು ಯಾರ್ಯಾರು, ಓದೇ," ಎನ್ನುತ್ತಿದ್ದಳು ಅಮ್ಮ. ಮಗಳು ದೇಶಗಳ ಪಟ್ಟಿ ಓದುತ್ತಿದ್ದಳು. ಅಮ್ಮ ಒಂದೊಂದಕ್ಕೂ ಕೆಂಪು ಗೀಟು ಹಾಕಿ, ಕೊನೆಯಲ್ಲಿ ಕೂಡಿಸಿ, ಮಗಳ ಮೊತ್ತಕ್ಕೆ ತಾಳೆ ನೋಡುತ್ತಿದ್ದಳು. "ಮೂರು ಮಹಡಿ ಇಳಿಯಕ್ಕಾಗದ ಮುದುಕಿಗೆ ನಲವತ್ತು ದೇಶದೋರು ತೆರಿಗೆ ಹಾಕ್ತಾರೆ ಅಂದ್ರೆ, ನಾನೂ ಸಾಮಾನ್ಯದೋಳಲ್ಲ ಬಿಡು."

ಇಳಿಯಲಾಗದ್ದು ನಿಜ. ಅಮ್ಮನ ಹೃದಯ ಸೋತಿತ್ತು. ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೇ ಮಹಡಿ. ಎರಡನೇ ಮಹಡಿಯ ತಿರುವಿನಲ್ಲಿ ಅವಳು ಒಂದು ಬೆತ್ತದ ಕುರ್ಚಿ ಹಾಕಿಸಿಕೊಂಡಿದ್ದಳು. ಹತ್ತುವಾಗ ಅಲ್ಲಿ ಕೂತು, ದಣಿವಾರಿಸಿಕೊಂಡು, ಆಮೇಲೆ ಉಳಿದದ್ದು. ನೆರೆಯವರೂ ಆ ಕುರ್ಚಿಯನ್ನು ಒಪ್ಪಿಕೊಂಡಿದ್ದರು. ಅದರ ಮೇಲೆ ಯಾರೂ ಚೀಲ ಇಡುತ್ತಿರಲಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ಪಾರ್ಕಿನ ಎದುರಿಗೆ ನೆಲಮಹಡಿಯ ಸಣ್ಣ ಮನೆಯೊಂದು ಮಾರಾಟಕ್ಕೆ ಬಂತು. ಬಾಗಿಲು ತೆಗೆದರೆ ರಸ್ತೆ, ರಸ್ತೆ ದಾಟಿದರೆ ಮರ. ಅಮ್ಮ ಫಂಡು ಮಾರಿ ಅದನ್ನು ಕೊಳ್ಳುತ್ತೇನೆ ಎಂದಳು. ಮಗಳು ಲ್ಯಾಪ್‌ಟಾಪು, ಪ್ರಿಂಟರು ಹೊತ್ತುಕೊಂಡು ಹೋಗಿ ಅದೇ ಊಟದ ಮೇಜಿನ ಮೇಲೆ ಲೆಕ್ಕ ಹಾಕಿದಳು. ಅವಳ ಸಾಫ್ಟ್‌ವೇರು ಒಂದು ಹಾಳೆಯಲ್ಲಿ ಮೂರು ಸಾಲು ಮುದ್ರಿಸುತ್ತದೆ, ಕೇಳಲಿ ಬಿಡಲಿ.

ಮೊದಲನೇ ಸಾಲು: ಎಲ್ಲವನ್ನೂ ಈಗಲೇ ಮಾರಿದರೆ ತೆರಿಗೆ ಇಷ್ಟು. ಎರಡನೇ ಸಾಲು: ಡಿಸೆಂಬರಿನ ಕೊನೆಯ ವಾರ ಅರ್ಧ, ಜನವರಿಯ ಮೊದಲ ವಾರ ಅರ್ಧ ಮಾರಿ ಎರಡು ವರ್ಷಕ್ಕೆ ಹಂಚಿದರೆ ಇಷ್ಟು. ಮೂರನೇ ಸಾಲು: ಖಾತೆದಾರರ ಮರಣಾನಂತರ ವಾರಸುದಾರರು ಮಾರಿದರೆ, ೦.

ಅವಳಿರುವ ದೇಶದ ಕಾನೂನು ಹಾಗಿದೆ. ಮಾಲೀಕರು ತೀರಿಕೊಂಡ ದಿನ ಏನು ಬೆಲೆ ಇತ್ತೋ ಅದೇ ವಾರಸುದಾರರು ಕೊಂಡ ಬೆಲೆ ಎಂದು ಲೆಕ್ಕ. ಮೂವತ್ತು ವರ್ಷ ಬೆಳೆದ ಲಾಭ ಆ ಒಂದು ದಿನದಲ್ಲಿ ಮಾಯವಾಗುತ್ತದೆ. ಮಾಯವಾದದ್ದಕ್ಕೆ ತೆರಿಗೆ ಹಾಕುವುದು ಹೇಗೆ?

ಆ ಸೊನ್ನೆ ಕಂಡಾಗ ಮಗಳಿಗೆ ಏನನ್ನಿಸಿತು ಎನ್ನುವುದನ್ನು ಇಲ್ಲಿ ಮುಚ್ಚಿಡುವುದು ಬೇಡ. ಕಣ್ಣು ಮಿಟುಕಿಸುವಷ್ಟು ಹೊತ್ತು ಅವಳಿಗೆ ಖುಷಿಯಾಯಿತು. ಲೆಕ್ಕದವಳ ಖುಷಿ, ಚೊಕ್ಕವಾಗಿ ಬಿದ್ದ ಅಂಕಿಯನ್ನು ನೋಡಿದಾಗ ಆಗುವಂಥದ್ದು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅಮ್ಮ ಒಳಗೆ ನೀರು ತರಲು ಹೋಗಿದ್ದಳು. ಮಗಳು ಕತ್ತರಿ ತೆಗೆದು ಹಾಳೆಯ ಕೆಳಗಿನ ಪಟ್ಟಿಯನ್ನು ಕತ್ತರಿಸಿ ಮೇಜಿನಡಿಯ ಬುಟ್ಟಿಗೆ ಹಾಕಿದಳು. ಹೆತ್ತವಳ ಮುಂದೆ ಅದನ್ನು ಇಡುವುದುಂಟೇ ಎಂದುಕೊಂಡಳು.

"ಎರಡನೇದೇ ವಾಸಿ ಅಮ್ಮ. ಹೊಸ ಮನೆಗೆ ಬಣ್ಣ ಹೊಡೆಸಿ, ಕಿಟಕಿ ಬದಲಾಯಿಸೋವಷ್ಟು ಉಳಿಯುತ್ತೆ. ಮನೆಯೋರೂ ಜನವರಿವರೆಗೆ ಕಾಯ್ತೀವಿ ಅಂದಿದ್ದಾರೆ. ನಾಲ್ಕು ತಿಂಗಳು ತಾನೇ."

ಅಮ್ಮ ಎರಡು ಸಾಲನ್ನೂ ಓದಿ, ಹಾಳೆಯ ಕೆಳಗಿನ ಅಂಚಿನ ಮೇಲೆ ಬೆರಳಾಡಿಸಿದಳು. "ನೀನು ಹೇಳಿದ ಮೇಲೆ ಮುಗೀತು. ಕಾಯೋಣ," ಎಂದಳು.

ಡಿಸೆಂಬರ್ ಹತ್ತೊಂಬತ್ತಕ್ಕೆ ಡಾಕ್ಟರ ಹತ್ತಿರ ಹೋಗುವುದಿತ್ತು. ಮಗಳ ಆಫೀಸಿನಲ್ಲಿ ಜನವೋ ಜನ. ಅಮ್ಮ ಒಬ್ಬಳೇ ಟ್ಯಾಕ್ಸಿಯಲ್ಲಿ ಹೋಗಿ ಬಂದಳು. ಮಧ್ಯಾಹ್ನ ಎರಡನೇ ಮಹಡಿಯವರು ಬಾಗಿಲು ತೆಗೆದಾಗ ಅವಳು ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು, ಮಾತ್ರೆಯ ಚೀಲ ತೊಡೆಯ ಮೇಲಿತ್ತು. ಮಾತಾಡಿಸಿದರೆ ಉತ್ತರವಿಲ್ಲ.

ಮಗಳ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಇನ್ನು ಮಾರಿದರೆ ತೆರಿಗೆ ಸೊನ್ನೆಯೇ.

ಆಮೇಲಿನ ಒಂದು ವರ್ಷ ಅವಳು ಮಾಡಿದ್ದನ್ನು ಬೇರೆ ಯಾರಾದರೂ ಮಾಡಿದ್ದರೆ ತಾನೇ ಬೈದು ಕಳಿಸುತ್ತಿದ್ದಳು. ಮರಣಪತ್ರವನ್ನು ಫಂಡಿನವರಿಗೆ ಕಳಿಸಲಿಲ್ಲ. ಡಿವಿಡೆಂಡ್ ಬಂದರೆ ಅದರಿಂದ ಮತ್ತೆ ಅದೇ ಫಂಡು ಕೊಳ್ಳಿ ಎಂದು ಅಮ್ಮ ಎಂದೋ ಬರೆದುಕೊಟ್ಟಿದ್ದಳು. ಅವರು ಪಾಪ, ಕೊಳ್ಳುತ್ತಲೇ ಇದ್ದರು. ಅಮ್ಮನ ಹೆಸರಿಗೆ ಮಾರ್ಚಿನಲ್ಲಿ ಖರೀದಿ, ಜೂನಿನಲ್ಲಿ ಖರೀದಿ, ಸೆಪ್ಟೆಂಬರಿನಲ್ಲಿ ಖರೀದಿ. ಒಂದೊಂದು ಕಾಗದ ಬಂದಾಗಲೂ ಇನ್ನು ಬರೆದುಬಿಡಬೇಕು ಎಂದುಕೊಂಡು ಡ್ರಾಯರಿಗೆ ಹಾಕುತ್ತಿದ್ದಳು. ಆದರೂ ನಿಲ್ಲಿಸಲು ಮನಸ್ಸು ಬರಲಿಲ್ಲ.

"ಅಕ್ಕಾ, ಎಲ್ಲರ ಲೆಕ್ಕ ಮುಗಿಸ್ತೀಯ, ಅಮ್ಮಂದು ಮಾತ್ರ ಯಾಕೆ ಹಾಗೇ ಇಟ್ಕೊಂಡಿದ್ದೀಯ?" ಎಂದು ಅವಳ ತಮ್ಮ ಫೋನಿನಲ್ಲಿ ಕೇಳುತ್ತಿದ್ದ.

"ಮಾಡ್ತೀನಿ ಕಣೋ," ಎನ್ನುತ್ತಿದ್ದಳು. ಮಾಡುತ್ತಿರಲಿಲ್ಲ.

ಈ ಡಿಸೆಂಬರಿನ ಎರಡನೇ ವಾರ ಗಡಿಯಾರ ರಿಪೇರಿಯವರು ಬಂದರು. ಎಪ್ಪತ್ತು ದಾಟಿದವರು, ಮೂರನೇ ಬೀದಿಯಲ್ಲಿ ಅಂಗಡಿ. ಎಲ್ಲರ ಗಡಿಯಾರ ಸರಿಮಾಡಿ ತಾವು ಮಾತ್ರ ಎಲ್ಲಿಗೂ ಸಮಯಕ್ಕೆ ಹೋಗದವರು ಎಂದು ಅವರ ಖ್ಯಾತಿ.

"ಲೆಕ್ಕದಮ್ಮಾ, ನನ್ನ ಹೆಂಡತಿ ಹೊಲಿಗೆ ದುಡ್ಡು ಇದೆಯಲ್ಲ, ಆ ಪರದೇಶದ ಫಂಡು. ಮಾರಬೇಕು. ಅವಳ ಶ್ವಾಸಕೋಶ ಕೈಕೊಟ್ಟಿದೆ. ನಾಲ್ಕನೇ ಮಹಡಿ ಮೇಲೆ ಕೂರಿಸಿಬಿಟ್ಟಿದ್ದೀನಿ ಅವಳನ್ನ. ಅಂಗಡಿ ಹಿಂದಿನ ಮನೆ ಮಾರ್ತಾರಂತೆ, ನೆಲಮಹಡಿ."

ಅವಳಿಗೆ ಅಮ್ಮನ ಮೆಟ್ಟಿಲು ನೆನಪಾಯಿತು. ಆದರೆ ಹದಿನೆಂಟು ವರ್ಷ ಪಳಗಿದ ಕೈ, ತಾನೇ ತಾನಾಗಿ ಅಂಕಿ ಹೊಡೆಯಿತು. ಹೆಂಡತಿ ತನ್ನ ಹೊಲಿಗೆ ಅಂಗಡಿ ಮಾರಿದ ದುಡ್ಡೂ ಇದೇ ವರ್ಷ ಬಂದಿದ್ದರಿಂದ ಈ ವರ್ಷ ಮಾರಿದರೆ ತೆರಿಗೆ ಜಾಸ್ತಿ. ಬರುವ ಜನವರಿಯಲ್ಲಿ ಅರ್ಧ, ಅದರ ಮುಂದಿನ ಜನವರಿಯಲ್ಲಿ ಅರ್ಧ ಮಾರಿದರೆ ಏಳು ತಿಂಗಳ ಮನೆಖರ್ಚು ಉಳಿಯುತ್ತದೆ. ಪ್ರಿಂಟರು ಮೂರು ಸಾಲಿನ ಹಾಳೆಯನ್ನು ಉಗುಳಿತು. ಅವಳು ಕತ್ತರಿ ತೆಗೆದು ಕೆಳಗಿನ ಪಟ್ಟಿಯನ್ನು ಕತ್ತರಿಸಿ, ಮೇಲಿನದನ್ನು ಅವರ ಕೈಗಿಟ್ಟಳು.

"ಎರಡನೇ ಸಾಲು ನೋಡಿ. ಹದಿಮೂರು ತಿಂಗಳು ತಾನೇ," ಎಂದಳು.

ಅವರು ಹಾಳೆಯನ್ನು ದೂರ ಹಿಡಿದು ಓದಿದರು. "ಅಬ್ಬಾ, ಇಷ್ಟು ಉಳಿಯುತ್ತಾ. ಇಷ್ಟು ವರ್ಷ ಹತ್ತಿಳಿದಿದ್ದೀವಿ, ಇನ್ನೊಂದು ವರ್ಷ ಕಾದರಾಯಿತು," ಎಂದು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಇಳಿದು ಹೋದರು.

ಅವರ ಹೆಜ್ಜೆ ಬೀದಿ ಮುಟ್ಟಿದ ಮೇಲೆ ಇನ್ನೊಂದು ಹೆಜ್ಜೆ ಹತ್ತತೊಡಗಿತು. ಒಂದು, ಎರಡು, ನಿಧಾನವಾಗಿ ಹನ್ನೊಂದು. ನಿಂತಿತು. ಉಸಿರು. ಲೆಕ್ಕದವಳು ತನ್ನ ಕೈಯಲ್ಲಿ ಇನ್ನೂ ಕತ್ತರಿ ಇರುವುದನ್ನು ನೋಡಿದಳು. ಆ ದಿನ ಮೊದಲ ಬಾರಿಗೆ ಅವಳಿಗೆ ಭಯವಾಯಿತು. ಬರಬೇಕಾಗಿದ್ದ ಇನ್ನಿಬ್ಬರಿಗೆ ಕಾಯದೆ ಬಾಗಿಲಿಗೆ ಬೀಗ ಹಾಕಿ, ಖಾಲಿ ಮೆಟ್ಟಿಲನ್ನು ದಡದಡ ಇಳಿದು ಅಮ್ಮನ ಮನೆಗೆ ನಡೆದಳು. ಅಮ್ಮನ ಕೊನೆಯ ತೆರಿಗೆ ಫಾರ್ಮನ್ನು ಇವತ್ತು ಮುಗಿಸಿಯೇ ಬಿಡುತ್ತೇನೆ, ಆಮೇಲಾದರೂ ಈ ಕಾಟ ತಪ್ಪಲಿ ಎಂದು ಅವಳ ಹಟ.

ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿ ಇತ್ತು. ಯಾರೂ ಅದನ್ನು ತೆಗೆದಿರಲಿಲ್ಲ, ಯಾರೂ ಅದರಲ್ಲಿ ಕೂತಿರಲಿಲ್ಲ. ಗೋಡೆ ಹಿಡಿದುಕೊಂಡು ಪಕ್ಕದಲ್ಲಿ ಹಾದುಹೋದಳು. ಮೇಲೆ ಮನೆಯಲ್ಲಿ ಮುಚ್ಚಿಟ್ಟ ಪುಸ್ತಕಗಳ ವಾಸನೆ. ಪರದೇಶದ ತೆರಿಗೆಯ ಕಾಗದಗಳನ್ನು ಅಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದಳು. ಡಬ್ಬಿ ತೆಗೆದರೆ ಮೇಲೆ ರಬ್ಬರ್‌ಬ್ಯಾಂಡ್ ಹಾಕಿದ ಚೀಟಿಗಳ ಕಂತೆ. ಒಂದು ಮಗ್ಗುಲು ಖಾಲಿ ಇರುವ ಯಾವ ಕಾಗದವನ್ನೂ ಅಮ್ಮ ಎಸೆದವಳಲ್ಲ. ಕತ್ತರಿಸಿ ಸಾಮಾನು ಪಟ್ಟಿ ಬರೆಯುತ್ತಿದ್ದಳು. ಆ ಮನೆಯ ಬುಟ್ಟಿಗೆ ಬಿದ್ದ ಕಾಗದ ಬುಟ್ಟಿಯಲ್ಲಿ ಉಳಿಯುವುದಿಲ್ಲ ಎಂದು ಹುಟ್ಟಿದಾಗಿನಿಂದ ಬಲ್ಲ ಮಗಳು ಆಗಸ್ಟಿನಲ್ಲಿ ಒಂದು ದಿನ ಅದನ್ನೇ ಮರೆತಿದ್ದಳು.

ಮೇಲಿನಿಂದ ಮೂರನೇ ಚೀಟಿ ಉದ್ದವಾಗಿತ್ತು. ಅಮ್ಮನ ದುಂಡು ಅಕ್ಷರ: ಬಲ್ಬು, ಬಿಳಿ ದಾರ, ಸೋಪು, ಕುರ್ಚಿ ಕಾಲಿಗೆ ರಬ್ಬರು ನಾಲ್ಕು. ತಿರುಗಿಸಿದಳು.

ಖಾತೆದಾರರ ಮರಣಾನಂತರ ವಾರಸುದಾರರು ಮಾರಿದರೆ, ೦.

ಸೊನ್ನೆಯ ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಸರಿ ಗುರುತು ಇತ್ತು. ಅಂಚಿನಲ್ಲಿ ಸಣ್ಣದಾಗಿ ಕೂಡಿ ಕಳೆದ ಅಂಕಿಗಳು. ಮಕ್ಕಳ ಪುಸ್ತಕದಲ್ಲಿ ಸುಮ್ಮನೆ ಗುರುತು ಹಾಕುವವಳಲ್ಲ ಅಮ್ಮ, ತಾನೊಮ್ಮೆ ಮಾಡಿ ನೋಡಿದ ಮೇಲೆಯೇ. ಇದನ್ನೂ ಮಾಡಿ ನೋಡಿದ್ದಳು. ಮಗಳ ಲೆಕ್ಕ ಸರಿಯಿತ್ತು, ಸರಿ ಎಂದು ಗುರುತು ಹಾಕಿ, ಹಿಂದೆ ಸಾಮಾನು ಪಟ್ಟಿ ಬರೆದು, ನಾಲ್ಕು ತಿಂಗಳು ಬಾಯಿ ಬಿಡದೆ ಮೆಟ್ಟಿಲು ಹತ್ತಿ ಇಳಿದಿದ್ದಳು. ಯಾಕೆ ಕತ್ತರಿಸಿದೆ ಎಂದು ಒಂದು ಮಾತು ಕೇಳಿದ್ದರೆ ಮಗಳು ಅತ್ತುಬಿಡುತ್ತಿದ್ದಳು, ಅಳು ಮುಗಿದ ಮೇಲೆ ಮಾರಿಬಿಡುತ್ತಿದ್ದಳು. ಅಮ್ಮ ಕೇಳಲಿಲ್ಲ. ಮಗಳು ಹೇಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಿಕೊಂಡು ಕೂತರು.

ಲೆಕ್ಕದವಳು ನೆಲದ ಮೇಲೆ ಕೂತು ಗಟ್ಟಿಯಾಗಿಯೇ ಅತ್ತಳು. ವರ್ಷದಿಂದ ಅತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದವಳೇ ಕಸದಬುಟ್ಟಿ ಬಗ್ಗಿಸಿ ಗಡಿಯಾರದವರ ಪಟ್ಟಿಯನ್ನು ಹುಡುಕಿ ತೆಗೆದಳು. ಹಾಳೆಯ ಇನ್ನೊಂದು ಪ್ರತಿ ಮುದ್ರಿಸಬಹುದಾಗಿತ್ತು, ಮುದ್ರಿಸಲಿಲ್ಲ. ನೇರವಾಗಿ ಅವರ ಮನೆಗೆ ಹೋಗಿ ನಾಲ್ಕು ಮಹಡಿ ಹತ್ತಿದಳು. ಬಾಗಿಲು ತೆಗೆದ ಗಡಿಯಾರದವರಿಂದ ಆ ಮಡಿಸಿದ ಹಾಳೆಯನ್ನು ಕೇಳಿ ಪಡೆದು, ಅವರೆದುರಿಗೇ ಪಟ್ಟಿಯನ್ನು ಅದರ ಕೆಳಕ್ಕೆ ಟೇಪಿನಿಂದ ಅಂಟಿಸಿದಳು.

"ಇದನ್ನ ನಾನು ಅಮ್ಮಾವ್ರ ಕೈಗೇ ಕೊಡಬೇಕು," ಎಂದಳು. "ಖಾತೆ ಅವರದು."

ಹೊಲಿಗೆಯಮ್ಮ ಕಿಟಕಿಯ ಬಳಿ ದಿಂಬಿಗೆ ಒರಗಿ ಕೂತಿದ್ದಳು. ಮೂಗಿಗೆ ಕೊಳವೆ, ಪಕ್ಕದಲ್ಲಿ ಗುಂಯ್ ಎನ್ನುವ ಆಮ್ಲಜನಕದ ಯಂತ್ರ. ಬಟ್ಟೆಯ ಹೊಲಿಗೆ ನೋಡುವವಳ ಹಾಗೆ ಮೊದಲು ಟೇಪು ಅಂಟಿಸಿದ ಜಾಗವನ್ನು ಬೆರಳಲ್ಲಿ ತಡವಿದಳು. ಆಮೇಲೆ ಓದಿದಳು. ಮೂರನೇ ಸಾಲಿಗೆ ಬಂದಾಗ ಗಂಡ ಬೇರೆ ಕಡೆ ನೋಡಿದರು.

"ಕತ್ತರಿಸಿದ್ದು ಯಾರು?"

"ನಾನೇ ಅಮ್ಮ."

"ಯಾಕೆ?"

"ನಿಮಗೆ ನೋವಾಗಬಾರದು ಅಂತ."

ಹೊಲಿಗೆಯಮ್ಮ ಉಸಿರು ಕೂಡಿಸಿಕೊಂಡಳು. "ನನಗಲ್ಲಮ್ಮ. ನನಗೆ ಈ ಲೆಕ್ಕ ಡಾಕ್ಟರು ಆಗಲೇ ಹೇಳಿದ್ದಾರೆ. ನಿಮಗೆ ನೋವಾಗಬಾರದು ಅಂತ ನೀವು ಕತ್ತರಿಸ್ಕೊಂಡಿದ್ದು." ಬೈಗುಳದ ಧ್ವನಿಯಲ್ಲ ಅದು. ಹೊಲಿಗೆ ಎಲ್ಲಿ ಬಿಚ್ಚಿದೆ ಎಂದು ತೋರಿಸುವ ಧ್ವನಿ.

ಲೆಕ್ಕದವಳು ತಲೆ ತಗ್ಗಿಸಿದಳು. "ನಾನು ಹಿಂದೆ ಒಬ್ಬರಿಗೆ ಕಾಯಿರಿ ಅಂದಿದ್ದೆ," ಎಂದಳು. "ನಮ್ಮಮ್ಮನಿಗೆ."

ಆ ಮನೆಯಲ್ಲಿ ಗೋಡೆ ತುಂಬ ಗಡಿಯಾರಗಳು. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಹೊಲಿಗೆಯಮ್ಮ ಹಾಳೆಯನ್ನು ಮೊದಲಿಂದ ಇನ್ನೊಮ್ಮೆ ಓದಿದಳು.

"ಮೊದಲನೇ ಸಾಲು," ಎಂದಳು ಹೊಲಿಗೆಯಮ್ಮ. "ತೆರಿಗೆ ತಗೊಂಡು ಹೋಗಲಿ. ನಾನು ರಸ್ತೆ ನೋಡಬೇಕು. ಕೆಳಗಿನ ಎರಡೂ ಸಾಲು ಇವರಿಗೆ ಬೇಕಾದರೆ ಇಟ್ಟುಕೊಳ್ಳಲಿ."

"ನನಗ್ಯಾಕೆ," ಎಂದು ಗಡಿಯಾರದವರು ಕಣ್ಣೊರೆಸಿಕೊಂಡರು.

ಅದೇ ವಾರ ಫಂಡು ಮಾರಿಯಾಯಿತು. ಅಂಗಡಿಯ ಹಿಂದಿನ ಮನೆಯವರು ಕ್ರಯಪತ್ರ ಆಗುವ ಮೊದಲೇ ಬೀಗದಕೈ ಕೊಟ್ಟರು. ಸಾಮಾನು ಸಾಗಿಸಲು ಇಬ್ಬರು ಹಮಾಲಿಗಳು ಬಂದರು. ಹೊಲಿಗೆಯಮ್ಮನನ್ನು ಇಳಿಸುವುದು ಹೇಗೆ ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುವಾಗ ಲೆಕ್ಕದವಳಿಗೆ ಅಮ್ಮನ ಕುರ್ಚಿ ನೆನಪಾಯಿತು. ಹಗುರವಾದ ಬೆತ್ತದ್ದು, ಕೈಗಳು ಗಟ್ಟಿ, ಕಾಲಿಗೆ ಹೊಸ ರಬ್ಬರು. ಹೋಗಿ ತಂದಳು. ಹಮಾಲಿಗಳು ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದು, ಹೊಲಿಗೆಯಮ್ಮನನ್ನು ಕೂರಿಸಿಕೊಂಡು, ಎಲ್ಲೂ ನಿಲ್ಲದೆ ನಾಲ್ಕು ಮಹಡಿ ಇಳಿದರು. ಆಮ್ಲಜನಕದ ಸಣ್ಣ ಸಿಲಿಂಡರ್ ಹೊತ್ತುಕೊಂಡು ಹಿಂದೆ ಗಡಿಯಾರದವರು. ರಸ್ತೆಯ ಅಂಚಿನಲ್ಲಿ ಕುರ್ಚಿ ಇಟ್ಟಾಗ ಹೊಲಿಗೆಯಮ್ಮ ಬಹಳ ಹೊತ್ತು ಹೋಗಿ ಬರುವವರ ಬಟ್ಟೆಗಳನ್ನು ನೋಡುತ್ತ ಕೂತಳು. ಕುರ್ಚಿ ಅವಳ ಹತ್ತಿರವೇ ಇರಲಿ ಎಂದು ಲೆಕ್ಕದವಳು ಬಿಟ್ಟು ಬಂದಳು.

ಆವತ್ತು ಹತ್ತೊಂಬತ್ತನೇ ತಾರೀಕು. ಮಧ್ಯಾಹ್ನ ಅವಳು ಅಮ್ಮನ ಮನೆಯ ಊಟದ ಮೇಜಿನ ಮುಂದೆ ಕೂತಳು. ಮರಣಪತ್ರವನ್ನು ಫಂಡಿನವರ ಲಕೋಟೆಗೆ ಹಾಕಿ ಅಂಟಿಸಿದಳು. ಪರದೇಶದ ತೆರಿಗೆಯ ಪಟ್ಟಿ ತೆಗೆದು, ಒಬ್ಬಳೇ ಇದ್ದರೂ, ದೇಶಗಳ ಹೆಸರನ್ನು ಒಂದೊಂದಾಗಿ ಜೋರಾಗಿ ಓದಿ ಕೆಂಪು ಗೀಟು ಹಾಕುತ್ತ ಹೋದಳು.

ಹದಿನೇಳನೇ ದೇಶಕ್ಕೆ ಬಂದಾಗ ಕೆಳಗೆ ಹೆಜ್ಜೆ ಸದ್ದು ಶುರುವಾಯಿತು. ಅದೇ ನಿಧಾನ. ಮೊದಲನೇ ಮಹಡಿ ದಾಟಿತು. ಮತ್ತೆ ಮೇಲಕ್ಕೆ, ಎಂಟು, ಒಂಬತ್ತು, ಹತ್ತು, ಹನ್ನೊಂದು. ಎರಡನೇ ಮಹಡಿಯ ತಿರುವು. ನಿಂತಿತು. ಅವಳೂ ಓದು ನಿಲ್ಲಿಸಿದಳು. ಅಲ್ಲಿ ಈಗ ಕುರ್ಚಿ ಇರಲಿಲ್ಲ, ಗೋಡೆಯ ಮೇಲೆ ಅದು ಒರಗಿದ್ದ ಗುರುತು ಮಾತ್ರ ಇತ್ತು. ಕೂರಲು ಜಾಗ ಹುಡುಕುವವರ ಹಾಗೆ ಹೆಜ್ಜೆ ಆ ಕಡೆ ಈ ಕಡೆ ಸರಿದಾಡಿತು.

ಆಮೇಲೆ ಮೇಲಕ್ಕೆ ಬರತೊಡಗಿತು.

ಒಂದು. ಎರಡು. ಮೂರು. ಅವಳು ಲೆಕ್ಕ ಹಾಕುತ್ತ ಎದ್ದಳು. ಕಾಲುಗಳು ಬಾಗಿಲ ಕಡೆಗೇ ನಡೆದವು. ಸರಿ ಗುರುತಿನ ಚೀಟಿ ಕೈಯಲ್ಲಿತ್ತು. ಹನ್ನೊಂದನೇ ಹೆಜ್ಜೆ ಬಾಗಿಲ ಹೊರಗೆ ಬಂದು ನಿಂತಿತು. ಉಸಿರು ಕೇಳಿಸಿತು, ದಣಿದ ಉಸಿರು, ಅವಳು ಹುಟ್ಟಿದಾಗಿನಿಂದ ಬಲ್ಲ ಉಸಿರು.

"ಅಮ್ಮಾ, ಅವತ್ತು ಆ ಸೊನ್ನೆ ನೋಡಿ ನನಗೆ ಒಂದು ಕ್ಷಣ ಖುಷಿಯಾಗಿತ್ತು," ಎಂದಳು ಬಾಗಿಲಿಗೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಹೊರಗಿನ ಉಸಿರು ಹಾಗೇ ಇತ್ತು, ಹೋಗಲಿಲ್ಲ. ಅವಳು ಚಿಲಕ ತೆಗೆದಳು.